ಗುಂಡಿಯ ಕೊರಳಿಗೆ ಸುತ್ತಿದ ವೈರು

"ಮೇಡಂ, ನಿಮ್ಮ ಜೇಬಿನ ಗುಂಡಿ ಬೀಳ್ತಾ ಇದೆ," ಎಂದ ಅವಸರ.

ನಾನು ಸ್ಟೂಲಿನ ಮೇಲೆ ನಿಂತು, ಟಾರ್ಚ್ ಹಿಡಿದು, ಫ್ಯೂಸ್ ಬೋರ್ಡಿನೊಳಗೆ ಮುಖ ತೂರಿಸಿದ್ದೆ. ಸ್ಟೂಲು ಅಲ್ಲಾಡದ ಹಾಗೆ ಹಿಡಿದುಕೋ ಎಂದರೆ ಈ ಪುಣ್ಯಾತ್ಮ ನನ್ನ ಯೂನಿಫಾರ್ಮನ್ನು ಪರೀಕ್ಷೆ ಮಾಡುತ್ತ ನಿಂತಿದ್ದ.

ಅವಸರ ನಮ್ಮ ಠಾಣೆಯ ಕಾನ್‌ಸ್ಟೇಬಲ್. ತಂದೆತಾಯಿ ಇಟ್ಟ ಹೆಸರು ಬೇರೆ ಇದೆ. ಆದರೆ ಕರೆದರೆ ಅವನು ಬಂದು ಮುಟ್ಟುವಷ್ಟರಲ್ಲಿ ಯಾಕೆ ಕರೆದೆವು ಎನ್ನುವುದೇ ಮರೆತುಹೋಗಿರುತ್ತದೆ. ಅದಕ್ಕೆ ಠಾಣೆಯವರು ಪ್ರೀತಿಯಿಂದ ಅವಸರ ಎಂದು ಕರೆಯುತ್ತಾರೆ. ಅವನ ಕಾಲು ನಿಧಾನವಾದರೂ ಕಣ್ಣು ಚುರುಕು.

ಈ ಮನೆಯ ಯಜಮಾನ, ಬೀದಿಗೆಲ್ಲ ಕರೆಂಟಿನ ಕೆಲಸ ಮಾಡಿಕೊಡುತ್ತಿದ್ದ ವೈರಣ್ಣ, ಮಾಳಿಗೆಯ ಹೊಸ ಕೋಣೆಗೆ ವೈರಿಂಗ್ ಮಾಡುತ್ತ ಶಾಕ್ ಹೊಡೆದು ಸತ್ತಿದ್ದ. ಮನೆಯ ಫ್ಯೂಸು ಅವನ ಅಂಗಿ ಜೇಬಿನಲ್ಲೇ ಇತ್ತು, ಆದರೂ ಕರೆಂಟು ಹರಿದಿತ್ತು. ಕೊಲೆಯ ಅನುಮಾನದ ಮೇಲೆ ಅವನ ತಮ್ಮ ನಮ್ಮ ಲಾಕಪ್ಪಿನಲ್ಲಿದ್ದ. ಇವತ್ತಿನವರೆಗೆ ನಮಗೆ ಗೊತ್ತಿದ್ದ ಕಥೆ ಇಷ್ಟೇ.

ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಳ್ಳುವುದು ವೈರ್‌ಮ್ಯಾನ್‌ಗಳ ಅಭ್ಯಾಸ. ಮೇಲೆ ಕೆಲಸ ನಡೆಯುತ್ತಿರುವಾಗ ಕೆಳಗೆ ಯಾರೋ ತಿಳಿಯದೆ ಫ್ಯೂಸು ಹಾಕಿಬಿಟ್ಟರೆ ಏನು ಗತಿ? ಆ ಪಿಂಗಾಣಿ ತುಂಡು ಜೇಬಿನಲ್ಲಿರುವವರೆಗೆ ತನ್ನ ಜೀವ ತನ್ನ ಕೈಯಲ್ಲೇ ಇದೆ ಎಂಬ ಧೈರ್ಯ. ಆದರೆ ಇಲ್ಲಿ ಯಾರೋ ಫ್ಯೂಸಿನ ಖಾಲಿ ಗೂಡಿನಲ್ಲಿ, ಫ್ಯೂಸನ್ನು ಕಚ್ಚಿ ಹಿಡಿಯುವ ಎರಡು ಹಿತ್ತಾಳೆ ಕಚ್ಚುಗಳ ನಡುವೆ, ಬೆರಳುದ್ದದ ತಾಮ್ರದ ವೈರು ಎಳೆದು ಕಟ್ಟಿದ್ದರು. ಫ್ಯೂಸು ಮಾಡುವ ಕೆಲಸವನ್ನು ಅದೇ ಮಾಡಿತ್ತು.

ಆ ವೈರು ಇನ್ನೂ ಅಲ್ಲೇ ಇತ್ತು. ಲೈನ್‌ಮ್ಯಾನ್ ಕಂಬದಿಂದಲೇ ಮನೆಯ ಕರೆಂಟು ತೆಗೆದಿದ್ದ. ಓಣಿಯಂಥ ಆ ನಡುಮನೆಯಲ್ಲಿ ಕಿಟಕಿ ಇಲ್ಲ. ಹಗಲಲ್ಲೂ ಟಾರ್ಚ್ ಬೇಕು.

"ಬೀಳ್ಲಿ ಬಿಡು," ಎಂದು ಗುಂಡಿಯನ್ನು ಒಂದು ಕೈಯಲ್ಲಿ ಹಿಡಿದೆ. ನೂಲು ಸಡಿಲವಾಗಿತ್ತು, ಆದರೆ ಗುಂಡಿಯ ಕೆಳಗಿನ ಸುತ್ತು ಬಿಚ್ಚಿರಲಿಲ್ಲ. ದರ್ಜಿಗಳು ಗುಂಡಿ ಹೊಲಿದ ಮೇಲೆ ಅದರ ಕೆಳಗೆ ನೂಲನ್ನು ನಾಲ್ಕಾರು ಬಾರಿ ಸುತ್ತುತ್ತಾರೆ. ಗುಂಡಿಗೆ ಒಂದು ಕೊರಳು ಬಂದ ಹಾಗಾಗಿ ಅದು ಬಟ್ಟೆಯಿಂದ ತುಸು ಎದ್ದು ನಿಲ್ಲುತ್ತದೆ.

ಗುಂಡಿ ನೋಡಿದೆ. ಬೋರ್ಡು ನೋಡಿದೆ. ಮತ್ತೆ ಗುಂಡಿ ನೋಡಿದೆ.

ತಾಮ್ರದ ಎಳೆ ಹಿತ್ತಾಳೆಯ ಕಚ್ಚಿಗೆ ಹಾಗೆಯೇ ಸುತ್ತಿಕೊಂಡಿತ್ತು. ಒಂದರ ಪಕ್ಕಕ್ಕೆ ಒಂದು, ಒಂದರ ಮೇಲೊಂದು ಏರದಂತೆ. ತುದಿ ಹೊರಗೆ ಚಾಚಿರಲಿಲ್ಲ. ಸುತ್ತಿನೊಳಗೇ ತೂರಿಸಿ ಎಳೆದಿದ್ದರು. ವೈರ್‌ಮ್ಯಾನ್ ಆದವನು ಹೀಗೆ ಕಟ್ಟುವುದಿಲ್ಲ. ಅವನು ಇಕ್ಕಳದಲ್ಲಿ ಹಿಡಿದು ತಿರುಚಿ, ಉಳಿದದ್ದನ್ನು ಕತ್ತರಿಸಿ ಬಿಸಾಡುತ್ತಾನೆ. ಇದು ಸೂಜಿ ಹಿಡಿದವರ ಕೈ.

ಈ ಮನೆಯಲ್ಲಿ ಸೂಜಿ ಹಿಡಿಯುವವರು ಇಬ್ಬರೇ. ವೈರಣ್ಣನ ತಮ್ಮ ಒಬ್ಬ, ವೈರಣ್ಣನ ಹೆಂಡತಿ ಒಬ್ಬಳು.

ತಮ್ಮನನ್ನು ಬೆಳಿಗ್ಗೆ ನೋಡಿ ಬಂದಿದ್ದೆ. ಮೂವತ್ತು ದಾಟಿದ ಆಸಾಮಿ, ಅತ್ತಿಗೆಯ ಅಂಗಡಿಯಲ್ಲೇ ಬಟ್ಟೆ ಕತ್ತರಿಸುವ ಕೆಲಸ. ಹಿಡಿದು ತಂದಾಗಿನಿಂದ ಬಾಯಿ ಬಿಟ್ಟಿಲ್ಲ. ಗೋಡೆಗೆ ಒರಗಿ, ಎಡಗೈಯ ತೋರುಬೆರಳನ್ನು ಬಲಗೈಯಲ್ಲಿ ಮುಚ್ಚಿಕೊಂಡು ಕೂತಿರುತ್ತಾನೆ. ಬೆರಳಿಗೆ ರಕ್ತ ಒಣಗಿದ ಚಿಂದಿ ಸುತ್ತಿಕೊಂಡಿದ್ದ. ಕತ್ತರಿ ಕೆಲಸದವರ ಕೈಯಲ್ಲಿ ಗಾಯ ಇಲ್ಲದಿದ್ದರೆ ತಾನೇ ಆಶ್ಚರ್ಯ. ಅಣ್ಣ ಸಾಯುವ ಹಿಂದಿನ ಸಂಜೆ ಅವರಿಬ್ಬರ ಜಗಳ ಅಕ್ಕಪಕ್ಕದವರಿಗೆಲ್ಲ ಕೇಳಿಸಿತ್ತು. ತಮ್ಮನಿಗೆ ಮದುವೆ ಗೊತ್ತಾಗಿತ್ತು. ಮಾಳಿಗೆಯ ಕೋಣೆ ನಿನಗೇ, ಮೇಲೆ ನಿನ್ನ ಸಂಸಾರ ನೀನು ಹೂಡು ಎಂದು ಅಣ್ಣನ ಪಟ್ಟು. ಬೇಡ ಎಂದು ತಮ್ಮನ ಹಟ. ಮಾರನೆಯ ದಿನ ಹೆಣದ ಪಕ್ಕದಲ್ಲಿ ತಮ್ಮನ ಮರದ ಸ್ಕೇಲು ಮುರಿದು ಬಿದ್ದಿತ್ತು. ಹೊಡೆದಾಟ ಆಗಿದೆ ಎನ್ನಲು ಇಷ್ಟು ಸಾಕಲ್ಲ? ಪೊಲೀಸ್ ಕಸ್ಟಡಿಯ ಗಡುವು ಮುಗಿದು, ನಾಳೆ ಬೆಳಿಗ್ಗೆ ಅವನನ್ನು ಕೊಲೆ ಆರೋಪಿ ಎಂದು ಕೋರ್ಟಿಗೆ ಒಪ್ಪಿಸಬೇಕಿತ್ತು.

ನನಗೆ ಮಾತ್ರ ಒಂದು ವಿಷಯ ಲೆಕ್ಕಕ್ಕೆ ಕೂರುತ್ತಿರಲಿಲ್ಲ. ಶವಾಗಾರದಲ್ಲಿ ಡಾಕ್ಟರು ವೈರಣ್ಣನ ಬಲಗೈಯನ್ನು ಬಿಡಿಸಿ ತೋರಿಸಿದ್ದರು. ಅಂಗೈಗೆ ಅಡ್ಡಲಾಗಿ ಸುಟ್ಟ ಗೆರೆ. ಆದರೆ ನಟ್ಟನಡುವೆ ಒಂದು ಬೆರಳಗಲ ಚರ್ಮ ಏನೂ ಆಗದೆ ಹಾಗೇ ಉಳಿದಿತ್ತು. ಅಲ್ಲಿ ಏನೋ ಅಡ್ಡ ಇತ್ತು ಎಂದರು ಡಾಕ್ಟರು. ಏನು ಎಂದು ಕೇಳಿದರೆ, ಅದನ್ನು ಹುಡುಕೋಕೆ ತಾನೇ ನಿಮಗೆ ಸರ್ಕಾರ ಸಂಬಳ ಕೊಡೋದು ಎಂದು ಕೈ ತೊಳೆಯಲು ಹೋದರು.

ನಾನು ಆ ಕೈ ನೋಡಿ ಬಂದು ಹೊಟ್ಟೆತುಂಬ ಊಟ ಮಾಡಿದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹೀಗಿರಲಿಲ್ಲ. ಹೆಣ ನೋಡಿದ ದಿನ ನೀರೂ ಇಳಿಯುತ್ತಿರಲಿಲ್ಲ. ಈಗಿನದನ್ನು ಠಾಣೆಯವರು ಧೈರ್ಯ ಎಂದು ತಿಳಿದಿದ್ದಾರೆ. ಧೈರ್ಯವೂ ಅಲ್ಲ, ಮಣ್ಣೂ ಅಲ್ಲ. ಕಾಲು ಮಡಚಿ ಬಹಳ ಹೊತ್ತು ಕೂತರೆ ಜೋಮು ಹಿಡಿಯುತ್ತದಲ್ಲ, ಅದು ನನಗೆ ಎದೆಯಲ್ಲಿ ಹಿಡಿದಿದೆ.

ಸ್ಟೂಲಿನಿಂದ ಇಳಿದೆ. ಗುಂಡಿ ಅರ್ಧ ನೂಲಿಗೆ ಜೋತುಬಿದ್ದಿತ್ತು. ಅದನ್ನು ಕೀಳಲಿಲ್ಲ.

"ಬಾ," ಎಂದೆ ಅವಸರನಿಗೆ. "ಗುಂಡಿ ಹಾಕಿಸ್ಕೊಂಡು ಬರೋಣ."

*

ಮುಂದಿನ ಕೋಣೆಯೇ ಅಂಗಡಿ. ಎರಡು ಹೊಲಿಗೆ ಮಿಷನ್, ಅದರಲ್ಲಿ ಒಂದಕ್ಕೆ ಮೋಟಾರು. ಗೋಡೆಯುದ್ದಕ್ಕೂ ಕಾಲರಿಲ್ಲದ, ತೋಳಿಲ್ಲದ ಶಾಲೆ ಯೂನಿಫಾರ್ಮಿನ ಷರ್ಟುಗಳು. ಕತ್ತರಿಸುವ ಮೇಜಿನ ಕೆಳಗೆ ಮೊಣಕಾಲೆತ್ತರ ಚಿಂದಿ.

ವೈರಣ್ಣನ ಹೆಂಡತಿಯನ್ನು ಬೀದಿಯವರು ಟೈಲರಕ್ಕ ಎನ್ನುತ್ತಾರೆ. ಆಕೆ ಬಾಗಿಲ ಬೆಳಕಿನಲ್ಲಿ ಕೂತು ಕೈಯಲ್ಲೇ ಒಂದು ತೋಳು ಹೊಲಿಯುತ್ತಿದ್ದಳು. ಗಂಡ ಸತ್ತ ಮನೆಯಲ್ಲಿ ಸೂಜಿ ಆಡುತ್ತಿದೆಯಲ್ಲ ಎಂದು ಬೀದಿ ಆಡಿಕೊಳ್ಳುತ್ತಿತ್ತು. ಅತ್ತಿಲ್ಲ ಎಂದೂ ಆಡಿಕೊಳ್ಳುತ್ತಿತ್ತು. ಹೆಣ ಎತ್ತುವಾಗ ಕೂಡ ಒಂದು ಹನಿ ಬರಲಿಲ್ಲವಂತೆ. ಇಂಥದ್ದನ್ನು ಲೆಕ್ಕವಿಡುವವರು ಎಲ್ಲ ಬೀದಿಯಲ್ಲೂ ಇರುತ್ತಾರೆ.

ಗುಂಡಿ ತೋರಿಸಿದೆ. ಅಂಗಿ ಬಿಚ್ಚುವುದು ಬೇಡ, ಹಾಗೇ ನಿಂತುಕೊಳ್ಳಿ ಎಂದು ಆಕೆ ಎದ್ದು ಬಂದು ಹಳೆಯ ನೂಲು ಕತ್ತರಿಸಿದಳು. ಖಾಕಿಗೆ ಹೊಂದುವ ನೂಲು ಆರಿಸಿ ಸೂಜಿಗೆ ಪೋಣಿಸಿದಳು. ಅವಳ ತಲೆ ನನ್ನ ಗದ್ದದ ಹತ್ತಿರವೇ ಇತ್ತು. ಸೂಜಿ ನನ್ನ ಎದೆಯಿಂದ ಒಂದು ಅಂಗುಲದಲ್ಲಿ ಹೋಗಿ ಬರುತ್ತಿತ್ತು.

ಹೊಲಿಗೆ ಮುಗಿಯಿತು. ಆಮೇಲೆ ಕೈ ಗುಂಡಿಯ ಕೆಳಗೆ ನೂಲು ಸುತ್ತತೊಡಗಿತು. ಒಂದರ ಪಕ್ಕಕ್ಕೆ ಒಂದು. ಕೊನೆಯ ತುದಿಯನ್ನು ಸುತ್ತಿನೊಳಗೇ ತೂರಿಸಿ ಎಳೆದಳು.

"ಬೋರ್ಡಲ್ಲಿ ವೈರು ಕಟ್ಟಿದ್ದು ನೀವು," ಎಂದೆ.

"ಹೌದು."

ಇಲ್ಲ ಎನ್ನುತ್ತಾಳೆ, ಕೈ ನಡುಗುತ್ತದೆ, ಸೂಜಿ ಚುಚ್ಚುತ್ತದೆ ಎಂದೆಲ್ಲ ಎಣಿಸಿದ್ದೆ. ಹೌದು ಎನ್ನುವ ಉತ್ತರಕ್ಕೆ ನನ್ನ ಹತ್ತಿರ ಮುಂದಿನ ಪ್ರಶ್ನೆಯೇ ಇರಲಿಲ್ಲ. ಅವಸರ ಬಾಗಿಲಲ್ಲಿ ಬಾಯಿ ಕಳೆದು ನಿಂತಿದ್ದ.

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ಯಾರೂ ಕೇಳ್ಲಿಲ್ಲ ಮೇಡಂ. ಎಲ್ರೂ ಮೈದುನನ ಬಗ್ಗೆನೇ ಕೇಳಿದ್ರು." ಆಕೆ ಕತ್ತರಿಯನ್ನು ಮೇಜಿನ ಮೇಲಿಟ್ಟಳು. "ಕೂತ್ಕೊಳ್ಳಿ. ಹೇಳ್ತೀನಿ."

ಹೇಳಿದಳು. ಬೇರೆ ಯಾರದೋ ಮನೆಯ ಸಂಗತಿ ಹೇಳುವ ಹಾಗೆ.

ಊರಿಗೆಲ್ಲ ಬೆಳಕು ಹಾಕಿಕೊಡುವವನ ಮನೆಯಲ್ಲಿ ಫ್ಯೂಸು ನಿಲ್ಲುತ್ತಲೇ ಇರಲಿಲ್ಲವಂತೆ. ಯಾರ ಮನೆಯದಾದರೂ ಫ್ಯೂಸು ಒಡೆದರೆ, ಎಲೆಕ್ಟ್ರಿಕ್ ಅಂಗಡಿ ಬಾಗಿಲು ಹಾಕಿದ್ದರೆ, ವೈರಣ್ಣ ತನ್ನ ಮನೆಯದನ್ನೇ ಕಿತ್ತುಕೊಂಡು ಓಡುತ್ತಿದ್ದ. ಇಲ್ಲಿ ಹೆಂಡತಿಯ ಮಿಷನ್ ನಿಂತುಹೋಗುತ್ತಿತ್ತು. ಜಗಳವಾಡಿ ಆಡಿ ಸುಸ್ತಾಗಿ, ಕೊನೆಗೆ ಅವನೇ ಖಾಲಿ ಗೂಡಿಗೆ ವೈರು ಕಟ್ಟುವುದನ್ನು ಅವಳಿಗೆ ಕಲಿಸಿಕೊಟ್ಟ. ಒಂದು ಕೈ ಬೆನ್ನ ಹಿಂದೆ ಇಟ್ಟುಕೋ, ಕಾಲ ಕೆಳಗೆ ಮರದ ಹಲಗೆ ಇರಲಿ ಎಂದೆಲ್ಲ ಪಾಠ. ಅವಳು ಗುಂಡಿ ಹಾಕಿದ ಹಾಗೆ ಕಟ್ಟಿದ್ದು ನೋಡಿ, ಇದಕ್ಕೊಂದು ಅಂಗಿನೂ ಹೊಲಿದುಬಿಡು ಎಂದು ನಗುತ್ತಿದ್ದನಂತೆ.

ಇದು ತಪ್ಪು ಎಂದು ಪುಸ್ತಕ ಓದಿದ ಯಾರು ಬೇಕಾದರೂ ಹೇಳುತ್ತಾರೆ. ಆದರೆ ಆ ಮನೆಯಲ್ಲಿ ಅದು ಒಲೆ ಹಚ್ಚಿದಷ್ಟೇ ಸಹಜವಾಗಿತ್ತು.

"ಅವರು ಮನೇಲೇ ಕೆಲಸ ಮಾಡುವಾಗ?" ಎಂದೆ.

ಆಕೆ ಮೊದಲ ಸಲ ನನ್ನ ಮುಖ ನೋಡಿದಳು.

"ಅದಕ್ಕೆ ಬಟ್ಟೆ ಇತ್ತಲ್ಲ."

ಗೇಣುದ್ದದ ಕೆಂಪು ಪಟ್ಟಿ. ಅವಳೇ ಅಂಚು ಮಡಿಚಿ ಬಿಳಿ ನೂಲಿನಲ್ಲಿ ಹೊಲಿದು ಕೊಟ್ಟಿದ್ದು. ವೈರಣ್ಣ ಫ್ಯೂಸು ಕಿತ್ತು ಮನೆಯೊಳಗೇ ಕೆಲಸಕ್ಕೆ ನಿಂತರೆ ಆ ಪಟ್ಟಿಯನ್ನು ಖಾಲಿ ಗೂಡಿಗೆ ಕಟ್ಟುತ್ತಿದ್ದ. ಬಟ್ಟೆ ಇದ್ದರೆ ನಾನು ವೈರು ಹಿಡಿದಿದ್ದೇನೆ, ಮುಟ್ಟಬೇಡ. ಬಟ್ಟೆ ಇಲ್ಲದಿದ್ದರೆ ಹೊರಗೆ ಹೋಗಿದ್ದೇನೆ, ನಿನ್ನ ವೈರು ನೀನು ಕಟ್ಟಿಕೋ. ಗಂಡ ಹೆಂಡತಿ ಮೈದುನ, ಮೂವರ ನಡುವಿನ ಒಪ್ಪಂದ. ಇಷ್ಟು ವರ್ಷ ಒಂದು ದಿನವೂ ತಪ್ಪಿರಲಿಲ್ಲ.

ಅವತ್ತು ಬೆಳಿಗ್ಗೆ ಅವನು ಬಟ್ಟೆ ಕಟ್ಟಿದ್ದನ್ನು ಅವಳೇ ಕಣ್ಣಾರೆ ನೋಡಿದ್ದಳು. ಆಮೇಲೆ ಹೊಲಿದ ಷರ್ಟುಗಳನ್ನು ಶಾಲೆಗೆ ಕೊಡಲು ಹೋದಳು. ಮೈದುನ ನೂಲು ತರಲು ಪೇಟೆಗೆ ಹೋಗಿದ್ದ. ವಾಪಸ್ಸು ಬಂದಾಗ ಮನೆ ನಿಶ್ಶಬ್ದ. ಕತ್ತಲೆಯ ಗೋಡೆಯಲ್ಲಿ ಗೂಡಿಗೆ ಕೈಯಾಡಿಸಿದಳು. ಬಟ್ಟೆ ಇರಲಿಲ್ಲ. ಮತ್ತೆ ಯಾರ ಮನೆಗೋ ಬೆಳಕು ಕೊಡೋಕೆ ಹೋದರು ಎಂದುಕೊಂಡು ವೈರು ಕಟ್ಟಿದಳು.

"ಮಿಷನ್ ಹಾಕ್ದೆ. ಒಂದು ತೋಳು ಹೊಲಿದು ಮುಗಿಸ್ದೆ. ಮಿಷನ್ ಸದ್ದಲ್ಲಿ ಮೇಲಿಂದು ಏನೂ ಕೇಳ್ಲಿಲ್ಲ. ಮೈದುನ ಬಂದು ಮೇಲಕ್ಕೆ ಓಡಿದ್ದು ನೋಡ್ದೆ, ಹಿಂದೇನೇ ಹೋದೆ." ಆಕೆ ಮಡಿಲಲ್ಲಿದ್ದ ತೋಳನ್ನು ಸವರಿ ನೇರ ಮಾಡಿದಳು. "ಇದೇ ಆ ತೋಳು."

ನಾನು ಕೈ ನೋಡಿಕೊಂಡೆ.

"ನೀವೇ ಮೊದಲು ಮೇಡಂ, ನನ್ನ ಎದುರಿಗೆ ವೈರು ಅಂದಿದ್ದು," ಎಂದಳು ಟೈಲರಕ್ಕ. "ಬೀದಿಯವರು ಈಗ ಆ ಮಾತೇ ಆಡಲ್ಲ."

ಈ ಬೀದಿಯಲ್ಲಿ ಆ ಮಾತು ಬಿಟ್ಟು ಬದುಕುವುದು ಸುಲಭವಲ್ಲ. ನಾನು ಮನೆಮನೆಗೂ ಹೋಗಿ, ನಿಮ್ಮಲ್ಲಿ ವೈರು ಇದೆಯಾ ಎಂದು ವಿಚಾರಿಸಿದವಳು. ಒಬ್ಬಾಕೆ ಬಟ್ಟೆ ಒಣಹಾಕುವ ಹಗ್ಗ ತೋರಿಸಿದಳು. ಅದು ಪ್ಲಾಸ್ಟಿಕ್ಕು, ಒಳಗೆ ಲೋಹದ ಸುಳಿವೇ ಇಲ್ಲ, ಆದರೂ ವೈರು. ಒಬ್ಬ ಫೋನು ಚಾರ್ಜರು ತೋರಿಸಿದ, ಒಬ್ಬ ಕಿವಿಗೆ ಹಾಕಿಕೊಳ್ಳುವುದನ್ನು, ಒಬ್ಬ ಕಿಟಕಿ ಪರದೆಯ ಸ್ಪ್ರಿಂಗನ್ನು. ಬೇಲಿಗೆ ಬಿಗಿದರೆ ಮಾತ್ರ ತಂತಿ. ಮನೆಯೊಳಗೆ ಬಂದರೆ ಎಲ್ಲವೂ ವೈರೇ. ಆ ವೈರುಗಳನ್ನೆಲ್ಲ ರಿಪೇರಿ ಮಾಡಿಕೊಡುವವನು ಒಬ್ಬನಿದ್ದ, ಅವನಿಗೂ ಅದೇ ಹೆಸರು.

"ನಿನ್ನೆ ಎದುರುಮನೆಯವಳು ಬಂದು, ಅಕ್ಕಾ ನಮ್ಮ ಚಾರ್ಜರ್ ಅದು ನಿಮ್ಮನೇಲಿ ಉಳೀತು ಅಂದ್ಲು. ವೈರು ಅನ್ನೋಕೆ ಬಾಯಿ ಬರ್ಲಿಲ್ಲ ಅವಳಿಗೆ. ಅದು, ಅದು ಅಂತಾಳೆ. ಅವರ ಹೆಸರನ್ನೇ ಒರೆಸಿ ಹಾಕಿದ ಹಾಗಾಯ್ತು."

ಗಂಡನಿಗೆ ಇತ್ತೀಚೆಗೆ ಏನಾದರೂ ಚಿಂತೆ ಇತ್ತೇ ಎಂದು ಕೇಳಿದೆ. ಆಕೆ ಬಾಗಿಲ ಕಡೆ ನೋಡಿ, ಅವಸರ ದೂರದಲ್ಲಿದ್ದಾನೆ ಎಂದು ಖಾತ್ರಿ ಮಾಡಿಕೊಂಡಳು.

"ಬೆರಳಿಗೆ ಜೋಮು ಹಿಡೀತಿತ್ತು. ಮೊದಮೊದಲು ತುದಿ, ಆಮೇಲೆ ಅಂಗೈವರೆಗೂ. ಲೋಟ ಹಿಡಿದಿದ್ದೀನಾ ಇಲ್ವಾ ಅಂತ ಕಣ್ಣಿಂದ ನೋಡ್ಕೋಬೇಕಿತ್ತು. ಡಾಕ್ಟ್ರು ನರ ಒಣಗ್ತಿದೆ ಅಂದ್ರಂತೆ. ಮೈದುನನಿಗೂ ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡಿದ್ರು. ಬೆಳಿಗ್ಗೆ ಅವರ ಅಂಗಿ ಗುಂಡಿ ನಾನೇ ಹಾಕ್ತಿದ್ದೆ." ಆಕೆ ಮಡಿಲಲ್ಲಿದ್ದ ಬಟ್ಟೆಗೆ ಸೂಜಿ ಚುಚ್ಚಿಟ್ಟಳು. "ಆದ್ರೂ ಬಟ್ಟೆ ಕಟ್ಟೋದು ಮರೀತಿರ್ಲಿಲ್ಲ. ಬೋರ್ಡು ದಾಟಿ ಹೋಗುವಾಗಲೆಲ್ಲ ಗಂಟು ಬಿಗಿ ಇದ್ಯಾ ಅಂತ ಒಂದು ಸಲ ಎಳೆದು ನೋಡ್ತಿದ್ರು."

ನಾನು ಏಳಲು ಹೊರಟೆ. ಆಕೆ ನನ್ನ ತೋಳು ಹಿಡಿದಳು. ಬಲವಾಗಿ ಏನೂ ಅಲ್ಲ, ಬಟ್ಟೆ ಅಳೆಯುವಾಗ ಹಿಡಿಯುವ ಹಾಗೆ.

"ವೈರು ಕಟ್ಟಿದ ಕೈ ನನ್ನದು. ಅದು ನನಗೆ ಗೊತ್ತು, ಅದಕ್ಕೇನು ಶಿಕ್ಷೆಯೋ ಕೊಡಿ. ಬಟ್ಟೆ ಕಿತ್ತಿದ್ದು ಯಾರು ಅಂತ ಮಾತ್ರ ಹೇಳಿ. ಮೈದುನನಿಗೆ ಸೂಜಿ ಹಿಡಿಯೋದು ಕಲಿಸಿದವಳು ನಾನು. ಅವನೇ ಕಿತ್ನಾ, ಬೇರೆಯವರು ಕಿತ್ರಾ, ಗೊತ್ತಾಗ್ಬೇಕು. ಗೊತ್ತಾಗೋವರೆಗೆ ನನಗೆ ಅಳು ಬರಲ್ಲ ಮೇಡಂ. ಬಂದು ಇಲ್ಲಿ ನಿಂತ್ಕೊಂಡಿದೆ."

ಗಂಟಲು ಮುಟ್ಟಿ ತೋರಿಸಿದಳು.

*

ಮೇಜಿನ ಕೆಳಗಿನ ಚಿಂದಿಯ ರಾಶಿಯನ್ನು ಹೊರಗೆ ಹಾಕಿಸಿದೆ. ಬಟ್ಟೆ ಬಚ್ಚಿಡಲು ಚಿಂದಿಗಿಂತ ಒಳ್ಳೆಯ ಜಾಗ ಯಾವುದಿದೆ? ಅವಸರ ಜಗಲಿಯ ಮೇಲೆ ಕೂತು ಒಂದೊಂದೇ ಚೂರು ಎತ್ತಿ ನೋಡಿದ. ನೀಲಿ, ಬಿಳಿ, ಬೂದು, ಖಾಕಿ. ಕೆಂಪೂ ಇತ್ತು, ಆದರೆ ಅಂಚು ಹೊಲಿದದ್ದು ಒಂದೂ ಇರಲಿಲ್ಲ.

ಮಾಳಿಗೆ ಹತ್ತಿ ನೋಡಿದೆ. ಸಿಮೆಂಟಿನ ವಾಸನೆ ಇನ್ನೂ ಹೋಗದ ಕೋಣೆ. ಮೂರು ಗೋಡೆಗೆ ವೈರು ಎಳೆದಾಗಿತ್ತು, ನಾಲ್ಕನೆಯದರಲ್ಲಿ ತೆರೆದ ತುದಿ ಜೋತಾಡುತ್ತಿತ್ತು. ಅಲ್ಲೂ ಬಟ್ಟೆ ಇಲ್ಲ. ಹೊರಗಿನವರು ಯಾರೂ ಬರಲಿಲ್ಲ ಎಂದು ಎದುರುಮನೆಯವಳು ಮೊದಲೇ ಹೇಳಿದ್ದಳು. ಬೀದಿಯಲ್ಲಿ ಬೆಕ್ಕು ದಾಟಿದರೂ ಆಕೆಗೆ ಗೊತ್ತಾಗುತ್ತದೆ.

ಕೆಳಗಿನಿಂದ ಅವಸರನ ಗೊಣಗಾಟ ಕೇಳಿಸಿತು. ಚಿಂದಿಯೊಳಗಿದ್ದ ಗುಂಡುಸೂಜಿ ಅವನ ಬೆರಳಿಗೆ ಚುಚ್ಚಿತ್ತು. ನಾನು ಇಳಿದು ಬರುವಷ್ಟರಲ್ಲಿ ರಾಶಿಯಿಂದಲೇ ಒಂದು ಕೆಂಪು ಚೂರು ಆರಿಸಿ ಬೆರಳಿಗೆ ಸುತ್ತಿಕೊಂಡಿದ್ದ.

"ಅಯ್ಯೋ, ಎಷ್ಟು ರಕ್ತ ಹೋಗಿದ್ಯೋ?" ಎಂದೆ.

"ರಕ್ತ ಅಲ್ಲ ಮೇಡಂ," ಎಂದ ಅವನು, ಬೆರಳು ಎತ್ತಿ ತೋರಿಸುತ್ತ. "ಬಟ್ಟೆ ಬಣ್ಣವೇ ಅದು."

ನಾನು ಅಲ್ಲೇ ಮೆಟ್ಟಿಲ ಮೇಲೆ ನಿಂತುಬಿಟ್ಟೆ.

*

ಠಾಣೆಗೆ ಬಂದಾಗ ಸಂಜೆಯ ಬಿಸಿಲು ಲಾಕಪ್ಪಿನ ಕಂಬಿಗಳ ಬುಡದವರೆಗೂ ಬಂದಿತ್ತು. ಒಳಗೆ ಹೋಗಿ ವೈರಣ್ಣನ ತಮ್ಮನ ಎದುರಿಗೆ ನೆಲದ ಮೇಲೇ ಕೂತೆ. ಅವನು ಎಂದಿನಂತೆ ಬೆರಳು ಮುಚ್ಚಿಕೊಂಡು ಕೂತಿದ್ದ.

"ಕೈ ಕೊಡಿ," ಎಂದೆ.

ಕೊಡಲಿಲ್ಲ. ನಾನೇ ತೆಗೆದುಕೊಂಡೆ. ತಡೆಯಲೂ ಇಲ್ಲ. ಚಿಂದಿ ಕೊಳೆಯಾಗಿ ಕಪ್ಪಿಟ್ಟಿತ್ತು, ಆದರೆ ಸುರುಳಿ ಬಿಚ್ಚುತ್ತ ಹೋದಂತೆ ಒಳಗಿನ ಮಡಿಕೆಯಲ್ಲಿ ಕೆಂಪು ಹೊಸದಾಗೇ ಇತ್ತು. ಅಂಚಿನುದ್ದಕ್ಕೂ ಬಿಳಿ ನೂಲಿನ ಹೊಲಿಗೆ. ಪೂರ್ತಿ ಬಿಚ್ಚಿ ಅವನ ಬೆರಳನ್ನು ಬೆಳಕಿಗೆ ಹಿಡಿದೆ.

ಬೆರಳಿಗೆ ಏನೂ ಆಗಿರಲಿಲ್ಲ. ಒಂದು ಗೀರೂ ಇರಲಿಲ್ಲ.

"ಅತ್ತಿಗೆ ಎಲ್ಲಾ ಹೇಳಿದ್ರು," ಎಂದೆ. "ವೈರು ಕಟ್ಟಿದ್ದು, ಬಟ್ಟೆ ಇಲ್ದೆ ಇದ್ದಿದ್ದು, ಎಲ್ಲಾ. ಇದು ನಿಮ್ಮ ಕೈಗೆ ಹೇಗೆ ಬಂತು?"

ಅವನು ಬರಿಯ ಬೆರಳನ್ನು ನೋಡುತ್ತ ಕೂತ. ಆಮೇಲೆ ಬಾಯಿ ಬಿಟ್ಟ. ಇಷ್ಟು ದಿನ ಮಾತಾಡದೆ ದನಿ ಒರಟಾಗಿತ್ತು.

"ನಾನೇ ಕಿತ್ತೆ ಅಂತ ಬರ್ಕೊಳ್ಳಿ."

"ಕಿತ್ರಾ?"

"ಬರ್ಕೊಳ್ಳಿ ಮೇಡಂ."

ನಾನು ಚಿಂದಿಯನ್ನು ಮೊಣಕಾಲ ಮೇಲೆ ಹಾಸಿ ಸುಕ್ಕು ಬಿಡಿಸಿದೆ. ನಡುಭಾಗದಲ್ಲಿ, ಅಡ್ಡಕ್ಕೆ, ಕಂದು ಬಣ್ಣದ ಕಲೆ. ಇಸ್ತ್ರಿ ಪೆಟ್ಟಿಗೆ ಹೆಚ್ಚು ಹೊತ್ತು ಇಟ್ಟರೆ ಬೀಳುವಂಥದ್ದು. ಅದರ ಮೇಲೆ ನನ್ನ ಬೆರಳಿಟ್ಟು ನೋಡಿದೆ. ಪಟ್ಟಿಯ ಅಗಲ ಸರಿಯಾಗಿ ಒಂದು ಬೆರಳು. ವೈರಣ್ಣನ ಅಂಗೈಯಲ್ಲಿ ಸುಡದೆ ಉಳಿದಿದ್ದ ಜಾಗವೂ ಅಷ್ಟೇ.

"ಇದು ನಿಮ್ಮಣ್ಣನ ಮುಷ್ಟಿಯಲ್ಲಿತ್ತು," ಎಂದೆ. "ವೈರು ಹಿಡಿದಾಗ ಇದೂ ಕೈಯೊಳಗಿತ್ತು."

ಅವನು ಮೊದಲ ಸಲ ಆ ಕಲೆಯನ್ನು ನೋಡಿದ. ಆಮೇಲೆ ಮಾತು ಒಂದೇ ಸಮ ಬಂತು. ಪೇಟೆಯಿಂದ ಬಂದವನಿಗೆ ಬೀದಿಯಲ್ಲಿರುವಾಗಲೇ ಮಾಳಿಗೆಯಲ್ಲಿ ಏನೋ ಬಿದ್ದ ಸದ್ದು ಕೇಳಿತಂತೆ. ಒಳಗೆ ಮಿಷನ್ ಓಡುತ್ತಿದ್ದದ್ದು ನೋಡಿ, ಕರೆಂಟು ಹೊಡೆದಿರಬೇಕೆಂದು ಮೇಜಿನ ಮೇಲಿದ್ದ ಮರದ ಸ್ಕೇಲು ಎತ್ತಿಕೊಂಡು ಓಡಿದ. ಅಣ್ಣ ಗೋಡೆಗೆ ಕುಸಿದು ಕೂತಿದ್ದ, ಕೈ ವೈರು ಬಿಟ್ಟಿರಲಿಲ್ಲ. ಸ್ಕೇಲಿನಿಂದ ಹೊಡೆದು ವೈರು ಬಿಡಿಸಿದ. ಅದು ಮುರಿಯಿತು. ಮುಷ್ಟಿ ಬಿಚ್ಚಿದರೆ ಒಳಗೆ ಕೆಂಪು ಬಟ್ಟೆ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಅತ್ತಿಗೆಯ ಹೆಜ್ಜೆ ಸದ್ದು. ಏನು ಮಾಡುವುದೆಂದು ತೋಚದೆ ಕಿತ್ತುಕೊಂಡು ಬೆರಳಿಗೆ ಸುತ್ತಿಕೊಂಡ. ಗಾಯ ಎಂದುಕೊಂಡರೆ ಯಾರೂ ಬಿಚ್ಚಿ ನೋಡುವುದಿಲ್ಲವಲ್ಲ.

"ಅಣ್ಣನೇ ಬಂದು ಬಿಚ್ಕೊಂಡ ಮೇಡಂ. ಬಟ್ಟೆ ಇಲ್ದೆ ಇದ್ರೆ ಅತ್ತಿಗೆ ವೈರು ಕಟ್ತಾರೆ ಅಂತ ಅವನಿಗೆ ಗೊತ್ತಿಲ್ವಾ? ಕಲಿಸಿದ್ದೇ ಅವನು." ಅವನು ತಲೆ ತಗ್ಗಿಸಿದ. "ಹಿಂದಿನ ದಿನ ನಾನು ಬಾಯಿಗೆ ಬಂದ ಹಾಗೆ ಬೈದಿದ್ದೆ. ನಿನ್ನ ಕೋಣೆ ನನಗೆ ಬೇಡ, ನಿನ್ನ ಋಣವೂ ಬೇಡ ಅಂತ. ಆ ಬೇಜಾರಿಗೆ ಅವನು ಸಾಯ್ಲಿ ಅಂದ್ಕೊಂಡಿದ್ರೆ ಬೇರೆ ದಾರಿ ಇರ್ಲಿಲ್ವಾ? ಅತ್ತಿಗೆ ಕೈಯಿಂದ್ಲೇ ಮಾಡಿಸ್ಕೋಬೇಕಿತ್ತಾ?"

"ಅದಕ್ಕೇ ಸುಮ್ಮನಿದ್ರಾ?"

"ಗಂಡನೇ ತನ್ನ ಕೈಯಿಂದ ಹೀಗೆ ಮಾಡಿಸ್ಕೊಂಡ ಅಂತ ಗೊತ್ತಾದ್ರೆ ಅತ್ತಿಗೆ ಉಳಿಯಲ್ಲ. ನಾನು ಕಿತ್ತೆ ಅಂದ್ರೆ ನನ್ನನ್ನ ಶಪಿಸ್ಕೊಂಡಾದ್ರೂ ಬದುಕ್ತಾರೆ."

ನಾನು ಚಿಂದಿ ನೋಡುತ್ತ ಕೂತೆ. ಬೆರಳಿನ ಜೋಮಿನ ವಿಷಯ ಇವನಿಗೆ ಗೊತ್ತಿಲ್ಲ. ಬಟ್ಟೆ ಅಣ್ಣನ ಮುಷ್ಟಿಯಲ್ಲಿದ್ದದ್ದು ಅವಳಿಗೆ ಗೊತ್ತಿಲ್ಲ. ಎರಡೂ ಗೊತ್ತಿರುವುದು ನನಗೊಬ್ಬಳಿಗೇ.

ವೈರಣ್ಣ ನೀರಿಗೋ ಇಕ್ಕಳಕ್ಕೋ ಕೆಳಗೆ ಬಂದಿರಬಹುದು. ಕರೆಂಟಿಲ್ಲದ ಕತ್ತಲೆ. ದಾಟಿಹೋಗುವಾಗ ಅಭ್ಯಾಸದಂತೆ ಗಂಟು ಎಳೆದು ನೋಡಿರಬಹುದು. ಗಂಟು ಬಿಚ್ಚಿ ಬಟ್ಟೆ ಕೈಗೇ ಬಂದಿದ್ದರೆ? ಅಂಗೈಯಲ್ಲಿ ಏನಿದೆ ಎಂದೇ ತಿಳಿಯದ ಮನುಷ್ಯ ಅದನ್ನು ಹಿಡಿದುಕೊಂಡೇ ಮೆಟ್ಟಿಲು ಹತ್ತಿದ್ದರೆ? ಬಟ್ಟೆ ಅಲ್ಲೇ ಕೆಳಗೆ ಕಾವಲಿದೆ ಎಂಬ ನಂಬಿಕೆಯಲ್ಲಿ ತೆರೆದ ತುದಿಗೆ ಕೈ ಹಾಕಿದ್ದರೆ?

ಹಾಗಿದ್ದರೆ ಯಾರ ತಪ್ಪೂ ಇಲ್ಲ. ಹಾಗಲ್ಲದಿದ್ದರೆ ಇವನು ಹೇಳಿದ್ದೇ ನಿಜ. ಯಾವುದೆಂದು ಹೇಳಬಲ್ಲವನು ಒಬ್ಬನೇ, ಅವನು ಸತ್ತಿದ್ದಾನೆ. ಎದೆಯಲ್ಲಿ ಸೂಜಿ ಆಡಿಸಿದ ಹಾಗಾಯಿತು. ಜೋಮು ಬಿಡುವಾಗ ಹೀಗೇ ಆಗುತ್ತದೆ.

"ನಿಮ್ಮಣ್ಣನ ಕೈಗೆ," ಎಂದು ಶುರು ಮಾಡಿದೆ.

ಅವನು ನನ್ನ ಮಾತು ಕೇಳುತ್ತಿರಲಿಲ್ಲ. ನನ್ನ ಹಿಂದೆ ನೋಡುತ್ತಿದ್ದ.

ಕಂಬಿಗಳ ಆಚೆ ಟೈಲರಕ್ಕ ನಿಂತಿದ್ದಳು. ಅವಸರನೇ ಕರೆದುಕೊಂಡು ಬಂದಿದ್ದ. ಕೈಯಲ್ಲಿ ಒಗೆದು ಮಡಿಚಿದ ಬಿಳಿ ಬಟ್ಟೆಯ ಪಟ್ಟಿ.

"ಅವತ್ತು ಬೆರಳಿಗೆ ಗಾಯ ಆಗಿತ್ತಲ್ಲ," ಎಂದಳು. "ಶುದ್ಧವಾದ್ದು ಕಟ್ಕೊಳ್ಳಲಿ ಅಂತ..."

ಮಾತು ಅಲ್ಲಿಗೇ ನಿಂತಿತು. ಅವನ ಕೈ ಇನ್ನೂ ಬೆಳಕಿನಲ್ಲೇ ಇತ್ತು. ಗಾಯವಿಲ್ಲದ ಬೆರಳನ್ನು ಆಕೆ ಬಹಳ ಹೊತ್ತು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನನ್ನ ಕೈ ಅಷ್ಟರಲ್ಲೇ ಚಿಂದಿಯ ಮೇಲೆ ಮುಚ್ಚಿಕೊಂಡಿತ್ತು. ಆದರೆ ಬೆರಳ ಸಂದಿಯಿಂದ ಬಿಳಿ ನೂಲಿನ ಅಂಚು ಇಣುಕುತ್ತಿತ್ತು. ತನ್ನ ಹೊಲಿಗೆ ಯಾವುದೆಂದು ಅವಳಿಗೆ ಹೇಳಿಕೊಡಬೇಕೇ?

"ಸಿಕ್ತಾ ಮೇಡಂ?" ಎಂದಳು. "ಯಾರು ಕಿತ್ತಿದ್ದು?"

ನಾನು ಬಾಯಿ ತೆರೆದೆ.

"ನಾನೇ ಅತ್ತಿಗೆ," ಎಂದ ಅವನು, ನನಗಿಂತ ಮೊದಲು. "ನಾನೇ ಕಿತ್ತಿದ್ದು."

ಟೈಲರಕ್ಕ ಕಂಬಿ ಹಿಡಿದುಕೊಂಡು ನಿಧಾನವಾಗಿ ನೆಲಕ್ಕೆ ಕೂತಳು. ಬಿಳಿ ಪಟ್ಟಿ ಜಾರಿ ಬಿತ್ತು. ಮೊದಲು ಸದ್ದೇ ಇರಲಿಲ್ಲ, ಭುಜ ಮಾತ್ರ ಅಲುಗಿತು. ಆಮೇಲೆ, ಇಷ್ಟು ದಿನ ಗಂಟಲಲ್ಲಿ ನಿಂತಿದ್ದದ್ದು ಹೊರಗೆ ಬಂತು. ಠಾಣೆಯ ಟೈಪ್ ಮಾಡುವವನೂ ಕೈ ನಿಲ್ಲಿಸಿದ. ಅವಳು ಗಂಡನ ಹೆಸರು ಹಿಡಿದು ಅತ್ತಳು. ಬೀದಿ ಒರೆಸಿಹಾಕಿದ್ದ ಹೆಸರು ಅದು. ಅತ್ತಿಗೆ ಅಳುವುದನ್ನು ನೋಡುತ್ತ ಮೈದುನ ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿದ. ಭಾರ ಇಳಿಸಿದವನ ಮುಖ ಅದು.

ಅವಳಿಗೆ ಅಳು ಬರಿಸಿದ್ದು ಸುಳ್ಳು. ನಿಜ ನನ್ನ ಮುಷ್ಟಿಯೊಳಗೆ ಬೆವರಿಗೆ ಒದ್ದೆಯಾಗುತ್ತಿತ್ತು, ಅದೂ ಅರ್ಧ ನಿಜ. ಹೇಳಲೇ, ಬೇಡವೇ ಎಂದು ನಾನು ಇನ್ನೂ ತೂಗುತ್ತಿದ್ದೆ.

ಹಿಂದಿನಿಂದ ಕಾಗದದ ಮೇಲೆ ಪೆನ್ನು ಓಡುವ ಸದ್ದು ಕೇಳಿಸಿತು. ತಿರುಗಿ ನೋಡಿದೆ. ಅವಸರ ಆಗಲೇ ಮೇಜಿಗೆ ಕೂತು, ಆರೋಪಿ ಇಬ್ಬರ ಎದುರಿಗೆ ತಪ್ಪೊಪ್ಪಿಕೊಂಡ ಎಂದು ಬರೆದು, ಕೆಳಗೆ ತನ್ನ ಸಹಿಯನ್ನೂ ಹಾಕಿದ್ದ. ಜೀವಮಾನದಲ್ಲಿ ಮೊದಲ ಬಾರಿಗೆ ಅವನು ಅವಸರ ಮಾಡಿದ್ದ.

"ಎರಡನೇ ಸಾಕ್ಷಿ ನೀವೇ ಮೇಡಂ," ಎಂದು ಪೆನ್ನು ನನ್ನ ಕಡೆ ಚಾಚಿದ.